ಕಳುವಾಗಿದ್ದ ಅಜ್ಜನ ಜೋಡು ನಳಿಗೆ ಕೋವಿ ಸಿಕ್ಕಿದೆ: ಬಿಡಿಸಿಕೊಳ್ಳುವುದು, ರಿಪೇರಿ ಮಾಡಿಸುವುದು ಹೇಗೆ?

ಬಾಳೂರು ಕಡೆಯವ

ಎಲ್ಲರಿಗೂ ನಮಸ್ಕಾರ. ನಾನು ಮೂಡಿಗೆರೆ ತಾಲ್ಲೂಕಿನವನು, ಕಾಫಿ ತೋಟ ಇದೆ. ಅಜ್ಜನ ಕಾಲದ ಇಂಗ್ಲಿಷ್ ತೋಟೆ ಕೋವಿ (ತೋಟೆ ಅಂದರೆ ಕಾರ್ಟ್ರಿಡ್ಜ್) ಒಂದಿತ್ತು. 12 ಬೋರು, ಜೋಡು ನಳಿಗೆ, ಕುದುರೆ (ಈಡು ಹಾರಿಸುವ ಸುತ್ತಿಗೆ) ಎರಡೂ ಹೊರಗೆ ಕಾಣುವ ಹಳೇ ಮಾದರಿ. ಅಜ್ಜನ ನಂತರ ಅಪ್ಪನ ಹೆಸರಿಗೆ ಲೈಸೆನ್ಸ್ ಆಗಿತ್ತು. ಕೆಲವು ವರ್ಷದ ಹಿಂದೆ ನಾವೆಲ್ಲ ಮದುವೆಗೆ ಹೋಗಿದ್ದಾಗ ತೋಟದ ಮನೆಯ ಬೀಗ ಒಡೆದು ಮೆಣಸಿನ ಮೂಟೆಗಳ ಜೊತೆ ಕೋವಿಯನ್ನೂ ಹೊತ್ತುಕೊಂಡು ಹೋದರು. ಮಾರನೇ ದಿನವೇ ದೂರು ಕೊಟ್ಟೆವು. ಎಫ್‌ಐಆರ್ ಆಯಿತು. ಕಡೆಗೆ ಕಳ್ಳ ಸಿಗಲಿಲ್ಲ ಅಂತ 'ಸಿ' ರಿಪೋರ್ಟ್ ಹಾಕಿದರು.

ಈಗ ಪಕ್ಕದ ತಾಲ್ಲೂಕಿನಲ್ಲಿ ಬೇರೆ ಯಾವುದೋ ಕಳ್ಳತನದಲ್ಲಿ ಸಿಕ್ಕಿಬಿದ್ದವನು ಈ ಕೋವಿಯನ್ನೂ ತೋರಿಸಿದ್ದಾನೆ. ಗೊಬ್ಬರದ ಚೀಲದಲ್ಲಿ ಸುತ್ತಿ ಮಣ್ಣಿನಲ್ಲಿ ಹೂತಿದ್ದನಂತೆ. ಗುರುತು ಹಿಡಿಯಲು ಅಪ್ಪನನ್ನು ಕರೆದಿದ್ದರು, ನಾನೂ ಹೋಗಿದ್ದೆ. ನಳಿಗೆ ಪೂರ್ತಿ ಕೆಂಪು ತುಕ್ಕು. ಮರದ ಹಿಡಿ ಕುತ್ತಿಗೆಯ ಹತ್ತಿರ ಸೀಳಿದೆ. ಒಂದು ಕಡೆ ನಂಬರನ್ನು ಅರದಿಂದ ಉಜ್ಜಿದ್ದಾರೆ.

ಅಪ್ಪನಿಗೆ 70 ದಾಟಿದೆ. ಮನೆಗೆ ತಂದು ಮೊದಲಿನ ಹಾಗೆ ಮಾಡಿಸಲೇಬೇಕು ಅಂತ ಹಟ. ಎಲ್ಲಿಂದ ಶುರು ಮಾಡಬೇಕು? ಅಲ್ಲಿಯವರೆಗೆ ತುಕ್ಕಿಗೆ ಏನಾದರೂ ಮಾಡಬಹುದಾ?

ಹಾನುಬಾಳು ತೋಟ

ಸಿಕ್ಕಿದ್ದೇ ಪುಣ್ಯ ಮಾರಾಯ್ರೆ. ನಮ್ಮ ಕಡೆ ಕಳುವಾದ ಕೋವಿ ವಾಪಸ್ ಬಂದಿದ್ದನ್ನು ನಾನು ಕೇಳಿಲ್ಲ. ಸ್ಟೇಷನ್ನಿನಲ್ಲಿ ಯಾರಾದರೂ ಪರಿಚಯದವರಿದ್ದರೆ ಒಂದು ಬಾಟಲಿ ಮಷಿನ್ ಎಣ್ಣೆ ಕೊಟ್ಟು ಕೋವಿಗೆ ಸವರಿಸಿಬಿಡಿ. ಮಳೆಗಾಲ ಬಂದರೆ ಅಲ್ಲಿನ ರೂಮಿನಲ್ಲಿ ಏನೂ ಉಳಿಯುವುದಿಲ್ಲ.

ಹಳೇ ಎಚ್‌ಸಿ

ಎಣ್ಣೆ ಸವರಿಸುವ ಕೆಲಸ ಮಾತ್ರ ಮಾಡಬೇಡಿ. ನಾನು ಪೊಲೀಸ್ ಇಲಾಖೆಯಲ್ಲಿ ಇದ್ದು ನಿವೃತ್ತನಾದವನು. ಮಹಜರಿನಲ್ಲಿ ಕೋವಿ ಹೇಗಿತ್ತು ಅಂತ ಬರೆದಿರುತ್ತಾರೋ ಕೋರ್ಟಿಗೂ ಲ್ಯಾಬಿಗೂ ಹಾಗೇ ಹೋಗಬೇಕು. ಯಾರೋ ಒಳ್ಳೆಯ ಮನಸ್ಸಿನಿಂದಲೇ ಒರೆಸಿಟ್ಟರೂ ನಾಳೆ ಆರೋಪಿ ಕಡೆಯ ವಕೀಲರು "ಇದು ಆ ಕೋವಿಯೇ ಅಲ್ಲ" ಅಂತ ನಿಲ್ಲುತ್ತಾರೆ.

ನೀವು ಈಗ ತೆಗೆದುಕೊಳ್ಳಬೇಕಾಗಿದ್ದು ಎರಡು ಸಂಖ್ಯೆ. ಹೊಸ ಕೇಸಿನ ಕ್ರೈಂ ನಂಬರ್, ಕೋವಿಗೆ ಹಾಕಿರುವ ಪಿಎಫ್ (ಪ್ರಾಪರ್ಟಿ ಫಾರಂ) ನಂಬರ್. ವಶಪಡಿಸಿಕೊಂಡ ಮಾಲು ಸ್ಟೇಷನ್ನಿನ ಲೆಕ್ಕದಲ್ಲಿ ಇರುವುದು ಪಿಎಫ್ ನಂಬರಿನ ಮೇಲೆ. ಅದಿಲ್ಲದೆ ಕೋರ್ಟಿನಲ್ಲಿ ಅರ್ಜಿ ಮುಂದಕ್ಕೆ ಹೋಗುವುದಿಲ್ಲ. ನಿಮ್ಮ ಹಳೇ ಎಫ್‌ಐಆರ್ ಮತ್ತು 'ಸಿ' ರಿಪೋರ್ಟಿನ ಪ್ರತಿಯನ್ನೂ ತೆಗೆಸಿಡಿ. ಹಳೇ ಕೇಸನ್ನು ಮತ್ತೆ ತೆರೆದು ಎರಡನ್ನೂ ಜೋಡಿಸಬೇಕಾಗುತ್ತದೆ. ಎರಡು ಸ್ಟೇಷನ್ ಅಂದಮೇಲೆ ಅಲ್ಲಿಂದ ಇಲ್ಲಿಗೆ ಓಡಾಟ ಇದ್ದದ್ದೇ. ತಾಳ್ಮೆ ಇರಲಿ.

ಕಳುವಿನ ದೂರಿನಲ್ಲಿ ಕೋವಿಯ ನಂಬರ್ ಬರೆಸಿದ್ದೀರಾ? ಅದು ಮುಖ್ಯ.

ಬಾಳೂರು ಕಡೆಯವ

ಬರೆಸಿದ್ದೇವೆ ಸಾರ್. ಲೈಸೆನ್ಸ್ ಪುಸ್ತಕ ಚಿಕ್ಕಮಗಳೂರು ಮನೆಯ ಬೀರುವಿನಲ್ಲಿತ್ತು, ಹಾಗಾಗಿ ಉಳಿಯಿತು. ಉಜ್ಜಿರುವುದು ಟ್ರಿಗರ್ ಹತ್ತಿರದ ನಂಬರ್. ಬೇಕಾದರೆ ಫೋಟೋ ಹಾಕುತ್ತೇನೆ.

ನಿರ್ವಾಹಕ

ಫೋಟೋ ಹಾಕಿದರೂ ಕೋವಿಯ ನಂಬರ್, ಲೈಸೆನ್ಸ್ ಪುಟ, ಕ್ರೈಂ ನಂಬರ್ ಇಲ್ಲಿ ಕಾಣಬಾರದು. ಕಂಡರೆ ತೆಗೆದುಹಾಕುತ್ತೇವೆ.

ತುಕ್ಕು ವೈರಿ

ಒಂದು ನಂಬರ್ ಉಜ್ಜಿದ್ದಾರೆ ಅಂತ ಹೆದರಬೇಡಿ. ಹಳೇ ಇಂಗ್ಲಿಷ್ ಜೋಡು ಕೋವಿಯಲ್ಲಿ ಸಾಮಾನ್ಯವಾಗಿ ನಂಬರ್ ಒಂದೇ ಕಡೆ ಇರುವುದಿಲ್ಲ. ಟ್ರಿಗರ್ ಗಾರ್ಡಿನ ಬಾಲದ ಮೇಲೆ ಇರುತ್ತದೆ. ನಳಿಗೆ ಬಿಚ್ಚಿದರೆ ಅದರ ಬುಡದ ಚಪ್ಪಟೆ ಜಾಗದಲ್ಲಿ ಇರುತ್ತದೆ. ಮುಂಗೈ ಹಿಡಿಯುವ ಮರದ ತುಂಡು ಬರುತ್ತದಲ್ಲ, ಅದರ ಕಬ್ಬಿಣದ ಮೇಲೂ ಇರುತ್ತದೆ. ಕಳ್ಳನಿಗೆ ಹೊರಗೆ ಕಾಣುವುದಷ್ಟೇ ಗೊತ್ತು. ಒಳಗಿನವು ಉಳಿದಿರುವ ಸಾಧ್ಯತೆ ಜಾಸ್ತಿ.

ಉಜ್ಜಿದ್ದನ್ನೂ ಲ್ಯಾಬಿನವರು ಎಷ್ಟೋ ಸಲ ಓದಿಬಿಡುತ್ತಾರೆ. ಅಂಕಿಯನ್ನು ಅಚ್ಚಿನಿಂದ ಹೊಡೆದಾಗ ಅದರ ಕೆಳಗಿನ ಲೋಹವೂ ಒತ್ತಿಕೊಂಡಿರುತ್ತದೆ. ಮೇಲಿನದನ್ನು ಅರದಿಂದ ತೆಗೆದರೂ ಆ ಒತ್ತಡ ಆಳದಲ್ಲಿ ಉಳಿಯುತ್ತದೆ. ನುಣ್ಣಗೆ ಮಾಡಿ ತಾಮ್ರದ ಕ್ಲೋರೈಡ್ ಸೇರಿದ ಆಮ್ಲ ಸವರಿದರೆ ಒತ್ತಿದ ಜಾಗ ಬೇರೆ ರೀತಿ ಕರಗಿ ಅಂಕಿ ಸ್ವಲ್ಪ ಹೊತ್ತು ಕಾಣುತ್ತದೆ. ಅಷ್ಟರಲ್ಲಿ ಫೋಟೋ ತೆಗೆದುಕೊಳ್ಳುತ್ತಾರೆ. ಆ ಜಾಗವನ್ನು ನೀವು ಮೊದಲೇ ಎಮೆರಿ ಪೇಪರಿನಲ್ಲಿ ಉಜ್ಜಿದ್ದರೆ ಇದ್ದಬದ್ದ ಗುರುತೂ ಹೋಯಿತು.

ಹಾಸನ ವಕೀಲ

ಈಗ ಕಾನೂನಿನ ಮಾತು. ಕೋವಿಯನ್ನು ಸ್ಟೇಷನ್ನಿನಿಂದ ನೇರ ಕೊಡುವುದಿಲ್ಲ. ಆ ಸ್ಟೇಷನ್ ಬರುವ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ತಾತ್ಕಾಲಿಕ ಬಿಡುಗಡೆಗೆ ಅರ್ಜಿ ಹಾಕಬೇಕು. ಹಳೇ ಕ್ರಿಮಿನಲ್ ವಿಚಾರಣಾ ಕಾನೂನಾದ ಸಿಆರ್‌ಪಿಸಿಯಲ್ಲಿ 451 ಮತ್ತು 457ನೇ ಕಲಂ. ಅದರ ಬದಲು 2024ರ ಜುಲೈ 1ರಿಂದ ಬಂದ ಬಿಎನ್‌ಎಸ್‌ಎಸ್‌ನಲ್ಲಿ ಅದೇ 497 ಮತ್ತು 503. ಯಾವುದು ಅನ್ವಯ ಅನ್ನುವುದು ಕೇಸು ಯಾವಾಗಿನದು ಅನ್ನುವುದರ ಮೇಲೆ. ಅದನ್ನು ನಿಮ್ಮ ವಕೀಲರು ನೋಡಿಕೊಳ್ಳುತ್ತಾರೆ.

ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಅಂತ 2002ರ ಸುಪ್ರೀಂ ಕೋರ್ಟ್ ತೀರ್ಪಿದೆ. ವಶಪಡಿಸಿಕೊಂಡ ವಸ್ತುಗಳನ್ನು ಸ್ಟೇಷನ್ನಿನಲ್ಲಿ ವರ್ಷಗಟ್ಟಲೆ ಕೊಳೆಸಬೇಡಿ, ಹದಿನೈದು ದಿನದಿಂದ ಒಂದು ತಿಂಗಳೊಳಗೆ ತೀರ್ಮಾನ ಮಾಡಿ, ಫೋಟೋ ತೆಗೆದು ಬಾಂಡ್ ಬರೆಸಿಕೊಂಡು ಕೊಡಿ ಅನ್ನುವುದು ಅದರ ಸಾರ. ಗಾಡಿ, ಒಡವೆ ಬಿಡಿಸುವಾಗ ನಾವು ದಿನಾ ಅದನ್ನೇ ಹೇಳುತ್ತೇವೆ. ಕೋವಿಯಲ್ಲಿ ಒಂದು ತೊಡಕು ಜಾಸ್ತಿ. ಮಾಲೀಕ ಅಂತ ತೋರಿಸಿದರಷ್ಟೇ ಸಾಲದು. ಇವತ್ತಿನ ದಿನ ಅದನ್ನು ಇಟ್ಟುಕೊಳ್ಳುವ ಲೈಸೆನ್ಸ್ ಇರಬೇಕು.

ಹಾಗಾಗಿ ಕೇಳುತ್ತಿದ್ದೇನೆ. ಕೋವಿ ಕಳೆದಮೇಲೆ ನಿಮ್ಮ ತಂದೆಯವರು ಲೈಸೆನ್ಸ್ ನವೀಕರಣ ಮಾಡಿಸಿದ್ದಾರಾ? ಬಹಳ ಜನ "ಕೋವಿಯೇ ಇಲ್ಲ, ಪುಸ್ತಕ ಯಾಕೆ" ಅಂತ ಬಿಟ್ಟಿರುತ್ತಾರೆ. ವಿಮೆ ಇತ್ತಾ, ಹಣ ಬಂದಿತ್ತಾ? ಬಂದಿದ್ದರೆ ಕೋವಿಯ ಮೇಲೆ ವಿಮೆ ಕಂಪನಿಯ ಹಕ್ಕೂ ಬರುತ್ತದೆ. ಮಧ್ಯೆ ಬೇರೆ ಕೋವಿ ತೆಗೆದುಕೊಂಡಿದ್ದೀರಾ? ಆಯುಧ ಕಾಯ್ದೆಗೆ 2019ರ ತಿದ್ದುಪಡಿ ಆದಮೇಲೆ ಒಬ್ಬರ ಬಳಿ ಎರಡೇ ಕೋವಿ ಇರಬಹುದು. ಮೊದಲು ಮೂರಿತ್ತು.

ಬಾಳೂರು ಕಡೆಯವ

ವಿಮೆ ಇಲ್ಲ, ಬೇರೆ ಕೋವಿಯೂ ಇಲ್ಲ. ಲೈಸೆನ್ಸಿನ ಅವಧಿ ಮುಗಿದಿದೆ ಸಾರ್. ನವೀಕರಣ ಮಾಡಿಸಿಲ್ಲ.

ಅರಸೀಕೆರೆ ತೆಂಗು

ಬೇಜಾರು ಮಾಡಿಕೊಳ್ಳಬೇಡಿ, ಒಂದು ಮಾತು. ಇಷ್ಟೆಲ್ಲ ಓಡಾಡಿ ತುಕ್ಕು ಹಿಡಿದ ಕೋವಿ ತಂದು ಏನು ಮಾಡುತ್ತೀರಿ? ಗೋಡೆಗೆ ತೂಗುಹಾಕುವುದೇ ಆದರೆ ಲೈಸೆನ್ಸ್ ಬೇಡ ಅಂತ ಕೇಳಿದ್ದೇನೆ. ಹಾಳಾದ ಕೋವಿಗೆ ವಿನಾಯಿತಿ ಇದೆಯಂತಲ್ಲ?

ಹಾಸನ ವಕೀಲ

ಇದನ್ನು ನಂಬಿ ಸಿಕ್ಕಿಹಾಕಿಕೊಂಡವರಿದ್ದಾರೆ. ಆಯುಧ ಕಾಯ್ದೆ 1959ರ 45ನೇ ಕಲಂನಲ್ಲಿ ವಿನಾಯಿತಿ ಇರುವುದು ನಿಜ. ಆದರೆ ರಿಪೇರಿ ಮಾಡಿದರೂ ಮಾಡದಿದ್ದರೂ ಕೋವಿಯಾಗಿ ಬಳಸಲು ಬರಬಾರದು, ಅಂಥದ್ದಕ್ಕೆ ಮಾತ್ರ. ತುಕ್ಕು ಉಜ್ಜಿ ಎಣ್ಣೆ ಬಿಟ್ಟರೆ ಈಡು ಹಾರುತ್ತದೆ ಅಂದರೆ ಅದು ಕೋವಿಯೇ. ಲೈಸೆನ್ಸ್ ಬೇಕು.

ಬಾಳೂರಿನವರೇ, ಅವಧಿ ಮುಗಿದಿದ್ದರೂ ದಾರಿ ಇದೆ. 2016ರ ಆಯುಧ ನಿಯಮಗಳ ಪ್ರಕಾರ ಲೈಸೆನ್ಸ್‌ದಾರ ತೀರಿಕೊಂಡರೆ ವಾರಸುದಾರರಿಗೆ ವರ್ಗ ಮಾಡುತ್ತಾರೆ. ಬದುಕಿದ್ದಾಗಲೂ 70 ವರ್ಷ ತುಂಬಿದ್ದರೆ, ಇಲ್ಲ 25 ವರ್ಷ ಕೋವಿ ಇಟ್ಟುಕೊಂಡಿದ್ದರೆ, ತಾವು ಹೇಳಿದ ವಾರಸುದಾರನಿಗೆ ಕೊಡಿಸಬಹುದು. ನಿಮ್ಮ ತಂದೆಗೆ ವಯಸ್ಸಾಗಿದೆ. ಅವರ ನವೀಕರಣಕ್ಕೆ ಓಡಾಡುವ ಬದಲು ನಿಮ್ಮ ಹೆಸರಿಗೇ ಡಿಸಿ ಕಚೇರಿಯಲ್ಲಿ ಅರ್ಜಿ ಹಾಕುವುದು ಒಳ್ಳೆಯದು ಅಂತ ನನಗೆ ಅನಿಸುತ್ತದೆ. ಅಣ್ಣತಮ್ಮಂದಿರು, ಅಕ್ಕತಂಗಿಯರು ಇದ್ದರೆ ಅವರ ಒಪ್ಪಿಗೆ ಪತ್ರ ಈಗಲೇ ಬರೆಸಿಡಿ. ಕೋವಿ ಸಿಕ್ಕಿದ ಸುದ್ದಿ ಹಬ್ಬಿದಮೇಲೆ ಎಲ್ಲರಿಗೂ ಅಜ್ಜನ ಮೇಲೆ ಪ್ರೀತಿ ಬರುತ್ತದೆ!

ಲೈಸೆನ್ಸ್ ಬರುವ ತನಕ ಕೋರ್ಟನ್ನು ಹೀಗೆ ಕೇಳಿ: ಕೋವಿಯನ್ನು ನಮ್ಮ ಕೈಗೆ ಬೇಡ, ಲೈಸೆನ್ಸ್ ಇರುವ ಡೀಲರ್ ಬಳಿ ನಮ್ಮ ಖರ್ಚಿನಲ್ಲಿ ಠೇವಣಿ ಇಡಲು ಕೊಡಿ.

ತುಕ್ಕು ವೈರಿ

ವಕೀಲರ ಈ ಮಾತಿಗೆ ನನ್ನದೊಂದು ಸೇರಿಸಿ. ಬಿಡುಗಡೆ ಆದೇಶದಲ್ಲಿ "ಸ್ವರೂಪ ಬದಲಿಸಬಾರದು, ಮಾರಬಾರದು, ಕೇಳಿದಾಗ ಹಾಜರುಪಡಿಸಬೇಕು" ಅಂತ ಷರತ್ತು ಇರುತ್ತದೆ. ಹಾಗಾದರೆ ತುಕ್ಕು ತೆಗೆಯುವುದು ಸ್ವರೂಪ ಬದಲಿಸಿದಂತೆಯೋ ಅಲ್ಲವೋ? ನಾಳೆ ಯಾರು ವಾದ ಮಾಡುತ್ತಾರೆ? ಅದಕ್ಕೇ ಅರ್ಜಿಯಲ್ಲೇ ಬರೆಸಿ. ತುಕ್ಕು ಇನ್ನೂ ತಿನ್ನುತ್ತಿದೆ, ಹೆಚ್ಚದಂತೆ ತಡೆಯಲು ಎಣ್ಣೆ ಹಾಕಲು ಅನುಮತಿ ಕೊಡಿ, ಮೊದಲು ಎಲ್ಲ ಕಡೆಯಿಂದ ಫೋಟೋ ತೆಗೆಯಲಿ, ನಂಬರ್ ಇರುವ ಜಾಗ ಮುಟ್ಟುವುದಿಲ್ಲ. ಕೇಸು ಮುಗಿಯುವ ತನಕ ಕಾಯುತ್ತಾ ಕೂತರೆ ನಿಮಗೆ ಸಿಗುವುದು ಕೋವಿ ಆಕಾರದ ತುಕ್ಕು ಅಷ್ಟೆ.

ಕೊಪ್ಪದ ಅಕ್ಕ

ನಮ್ಮ ಯಜಮಾನರು ಹೋದಮೇಲೆ ಲೈಸೆನ್ಸ್ ನನ್ನ ಹೆಸರಿಗೆ ಮಾಡಿಸಿಕೊಂಡೆ. "ಹೆಂಗಸರಿಗೆ ಯಾಕಮ್ಮಾ ಕೋವಿ" ಅಂತ ಕೇಳಿದವರು ಬಹಳ. ತೋಟದಲ್ಲಿ ಒಬ್ಬಳೇ ಇರುವವಳಿಗೇ ಅಲ್ವಾ ಬೇಕಾಗುವುದು? ಇರಲಿ. ನಿಮಗೆ ಹೇಳುವುದು ಏನೆಂದರೆ, ಹೊಸಬರು ಅರ್ಜಿ ಹಾಕುವಾಗ ಕೋವಿ ತರಬೇತಿಯ ಸರ್ಟಿಫಿಕೇಟ್, ವೈದ್ಯರ ಸರ್ಟಿಫಿಕೇಟ್, ಕೋವಿಯನ್ನು ಭದ್ರವಾಗಿ ಇಡುತ್ತೇನೆ ಅನ್ನುವ ಮುಚ್ಚಳಿಕೆ ಕೇಳುತ್ತಾರೆ. ಮೊದಲೇ ಜೋಡಿಸಿಡಿ ತಮ್ಮಾ. ಒಮ್ಮೆ ಕಳುವಾದ ಮನೆ ಅಂತ ನಿಮ್ಮ ವಿಷಯದಲ್ಲಿ ಭದ್ರತೆ ಬಗ್ಗೆ ಜಾಸ್ತಿಯೇ ಕೇಳಿಯಾರು. ಗೋಡೆಗೆ ಬೋಲ್ಟ್ ಹಾಕಿದ ಕಬ್ಬಿಣದ ಪೆಟ್ಟಿಗೆ ಮಾಡಿಸಿ ಫೋಟೋ ಲಗತ್ತಿಸಿ. ತೋಟೆಗಳನ್ನು ಬೇರೆ ಬೀಗದಲ್ಲಿ ಇಡಿ.

ಸೋಮವಾರಪೇಟೆ ಹುಡುಗ

ನಮ್ಮ ಕೊಡಗಿನಲ್ಲಿ ಈ ತಲೆನೋವು ಕಮ್ಮಿ ನೋಡಿ.

ಹಾಸನ ವಕೀಲ

ನಿಮಗೆ ಕಮ್ಮಿ, ಒಪ್ಪಿದೆ. ಕೊಡವರಿಗೂ ಜಮ್ಮಾ (ಕೊಡಗಿನ ಹಳೇ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ 2029ರವರೆಗೆ ಇದೆ. ಹೇಮಾವತಿಯ ಈ ಕಡೆ ಇರುವ ನಮಗೆ ಇಲ್ಲ. ಇಲ್ಲಿ ಕೆಲವರು "ಅಲ್ಲಿ ನಡೆಯುತ್ತೆ, ನಮಗೂ ನಡೆಯುತ್ತೆ" ಅಂದುಕೊಂಡಿರುತ್ತಾರೆ, ಅದಕ್ಕೆ ಹೇಳಿದೆ.

ಬಾಳೂರು ಕಡೆಯವ

ಹೊಸ ಸುದ್ದಿ ಹೇಳುತ್ತೇನೆ. ಕೋವಿ ಬೆಂಗಳೂರಿನ ಮಡಿವಾಳದ ವಿಧಿವಿಜ್ಞಾನ ಲ್ಯಾಬಿಗೆ, ಅಂದರೆ ಎಫ್‌ಎಸ್‌ಎಲ್‌ಗೆ ಹೋಗಿ ಬಂತು. ನಳಿಗೆಯ ಬುಡದ ನಂಬರ್ ಉಳಿದಿತ್ತು, ಲೈಸೆನ್ಸ್ ಪುಸ್ತಕದ್ದಕ್ಕೆ ಸರಿಹೋಯಿತು. ಕೋರ್ಟು ಇಂಡೆಮ್ನಿಟಿ ಬಾಂಡ್, ಒಬ್ಬರ ಜಾಮೀನು ತೆಗೆದುಕೊಂಡು ಡೀಲರ್ ಬಳಿ ಇಡಲು ಆದೇಶ ಮಾಡಿತು. ತುಕ್ಕಿನ ವಿಷಯ ಅರ್ಜಿಯಲ್ಲಿ ಬರೆಸಿದ್ದಕ್ಕೆ "ಸಂರಕ್ಷಣೆಗೆ ಬೇಕಾದಷ್ಟು" ಶುಚಿ ಮಾಡಲು ಅನುಮತಿ ಸಿಕ್ಕಿದೆ. ವಕೀಲರಿಗೆ, ತುಕ್ಕು ವೈರಿ ಅವರಿಗೆ ದೊಡ್ಡ ನಮಸ್ಕಾರ. ಲೈಸೆನ್ಸ್ ಅರ್ಜಿ ನನ್ನ ಹೆಸರಿನಲ್ಲಿ ಹೋಗಿದೆ.

ಡೀಲರ್ ಹತ್ತಿರ ನಳಿಗೆ ಒರೆಸಿದಾಗ ಒಂದು ವಿಚಿತ್ರ ಕಂಡಿತು. ತುಕ್ಕಿನ ಕೆಳಗೆ ಸುರುಳಿ ಸುರುಳಿ ಗೆರೆಗಳಿವೆ. ಹಾವಿನ ಪೊರೆ ಸುತ್ತಿದ ಹಾಗೆ. ಬಿರುಕಾ?

ತುಕ್ಕು ವೈರಿ

ಬಿರುಕಲ್ಲ! ಅದು ಡಮಾಸ್ಕಸ್ ನಳಿಗೆ. ಕುದುರೆ ಹೊರಗಿದೆ ಅಂದಾಗಲೇ ನನಗೆ ಅನುಮಾನ ಇತ್ತು. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೆಣೆದು, ತಿರುಚಿ, ಒಂದು ಸರಳಿನ ಸುತ್ತ ಸುತ್ತುತ್ತಾ ಬಡಿದು ಬೆಸೆದು ಮಾಡಿದ್ದು. 19ನೇ ಶತಮಾನದ ಕೆಲಸ. ಒಳ್ಳೆಯ ಒಂದೇ ಉಕ್ಕಿನ ನಳಿಗೆ ಅಗ್ಗವಾದಮೇಲೆ ಇದು ನಿಂತುಹೋಯಿತು.

ಈಗ ಗಮನ ಇಟ್ಟು ಓದಿ. ಈ ನಳಿಗೆಗಳು ಬಂದದ್ದು ಕಪ್ಪು ಮದ್ದಿನ ಕಾಲಕ್ಕೆ. ಇವತ್ತಿನ ಹೊಗೆಯಿಲ್ಲದ ಮದ್ದಿನ ತೋಟೆಯ ಒತ್ತಡದ ಲೆಕ್ಕವೇ ಬೇರೆ. ಬೆಸುಗೆಯ ಸಂದಿನಲ್ಲಿ ಒಳಗೊಳಗೇ ತುಕ್ಕು ಹೋಗಿದ್ದರೆ ಹೊರಗಿನಿಂದ ಗೊತ್ತಾಗುವುದಿಲ್ಲ. ಈಡು ಹೊಡೆದಾಗ ನಳಿಗೆ ಸಿಡಿದರೆ ಮುಂದೆ ಹಿಡಿದಿರುವ ಎಡಗೈ ಅಲ್ಲೇ ಇರುತ್ತದೆ. ನಳಿಗೆಯ ಬುಡದಲ್ಲಿ ಬರ್ಮಿಂಗ್‌ಹ್ಯಾಮ್ ಅಥವಾ ಲಂಡನ್ ಪ್ರೂಫ್ ಹೌಸಿನ (ನಳಿಗೆ ಪರೀಕ್ಷೆ ಮಾಡುವ ಸಂಸ್ಥೆ) ಮುದ್ರೆ ಇರುತ್ತದೆ. ಅಲ್ಲಿ "ನೈಟ್ರೋ ಪ್ರೂಫ್", ಅಂದರೆ ಹೊಗೆಯಿಲ್ಲದ ಮದ್ದಿಗೆ ಪರೀಕ್ಷೆ ಆಗಿದೆ ಅಂತ ಇದೆಯಾ ಅಂತ ಡೀಲರಿಂದ ಓದಿಸಿ. ನಳಿಗೆಯಲ್ಲಿ ತೋಟೆ ಕೂರುವ ಕೋಣೆಯ ಉದ್ದವೂ ನೋಡಲಿ. ಹಳೇವು ಎರಡೂವರೆ ಇಂಚು, ಅಂದರೆ 65 ಮಿಮೀ ತೋಟೆಗೆ ಮಾಡಿದ್ದು. 70 ಮಿಮೀ ತೋಟೆ ತುರುಕಿದರೆ ಒಳಗೆ ಕೂರುತ್ತದೆ, ಆದರೆ ಹಾರಿಸಿದಾಗ ಬಾಯಿ ಬಿಚ್ಚಿಕೊಳ್ಳಲು ಜಾಗ ಇರುವುದಿಲ್ಲ, ಒತ್ತಡ ಏರುತ್ತದೆ.

ಹಾನುಬಾಳು ತೋಟ

ಅಯ್ಯೋ, ನಮ್ಮ ಮಾವನವರು ಇಂಥದ್ದೇ ಕೋವಿಯಲ್ಲಿ ಕೊನೇವರೆಗೂ ಈಗಿನ ಶಕ್ತಿಮಾನ್ ಬ್ರಾಂಡಿನ ತೋಟೆ ಹೊಡೆದರು. ಏನೂ ಆಗಲಿಲ್ಲ. ಸುಮ್ನೆ ಹೆದರಿಸಬೇಡಿ.

ತುಕ್ಕು ವೈರಿ

ಅವರ ಕೋವಿ ಮಣ್ಣಿನಲ್ಲಿ ಮಳೆಗಾಲ ಕಳೆದಿರಲಿಲ್ಲ ಗೌಡ್ರೇ.

ಬಾಳೂರು ಕಡೆಯವ

ಡೀಲರ್ ನೋಡಿದರು. ನೈಟ್ರೋ ಮುದ್ರೆ ಇಲ್ಲ. ಅವರೂ ಹಾರಿಸಬೇಡಿ ಅಂದರು. ಅಪ್ಪನಿಗೆ ಬೇಜಾರಾಗಿದೆ. ಕಾಡುಹಂದಿ ಓಡಿಸಲು ಒಂದು ಸದ್ದಾದರೂ ಬೇಕು ಅನ್ನುತ್ತಾರೆ. ಈಗ ನೋಡಲು ಚೆನ್ನಾಗಿ ಮಾಡಿಸುವುದಷ್ಟೇ ಉಳಿದಿದೆ. ಪರಿಚಯದ ಒಬ್ಬರು ನಳಿಗೆಯನ್ನು ಬ್ಲೂಯಿಂಗ್ ಮಾಡಿಸಿ ಕಪ್ಪಗೆ ಫಳಫಳ ಮಾಡಿಕೊಡುತ್ತೇನೆ ಅಂದಿದ್ದಾರೆ.

ತುಕ್ಕು ವೈರಿ

ದಯವಿಟ್ಟು ಬೇಡ. ಮೊದಲನೆಯದು, ಕೋವಿ ರಿಪೇರಿಗೂ ಲೈಸೆನ್ಸ್ ಬೇಕು, ಕಾಯ್ದೆಯ 5ನೇ ಕಲಂ. ನಿಮ್ಮ ಪರಿಚಯದವರಿಗೆ ಅದಿದೆಯಾ? ಕೋರ್ಟ್ ಮಾಲನ್ನು ಕುಲುಮೆಗೆ ಕೊಟ್ಟರೆ ಆಮೇಲೆ ಏನು ಉತ್ತರ ಹೇಳುತ್ತೀರಿ?

ಎರಡನೆಯದು, ಈಗಿನ ಬಿಸಿ ಬ್ಲೂಯಿಂಗ್ ಅಂದರೆ ಕುದಿಯುವ ಕಾಸ್ಟಿಕ್ ದ್ರಾವಣ. ಜೋಡು ನಳಿಗೆಯ ಮಧ್ಯದ ಪಟ್ಟಿಯನ್ನು ಮೆತು ಬೆಸುಗೆಯಿಂದ ಕೂರಿಸಿರುತ್ತಾರೆ. ಕಾಸ್ಟಿಕ್ ಆ ಬೆಸುಗೆಯನ್ನು ತಿನ್ನುತ್ತದೆ. ಪಟ್ಟಿಯ ಒಳಗೆ ಸೇರಿದ ಉಪ್ಪು ಆಚೆ ಬರುವುದಿಲ್ಲ, ವರ್ಷಗಟ್ಟಲೆ ಒಳಗಿನಿಂದ ಕೊರೆಯುತ್ತದೆ. ಡಮಾಸ್ಕಸ್ ಗೆರೆಯೂ ಮುಚ್ಚಿಹೋಗುತ್ತದೆ.

ಸರಿಯಾದ ದಾರಿ ನಿಧಾನದ್ದು. ಎಣ್ಣೆ ಹಾಕಿ ಒಂದಿಷ್ಟು ದಿನ ನೆನೆಯಲು ಬಿಡಬೇಕು. ಸಡಿಲವಾದ ತುಕ್ಕನ್ನು ಅತಿ ನುಣುಪು ಉಕ್ಕಿನ ಉಣ್ಣೆಯಿಂದ ತೆಗೆಯಬೇಕು. ನಾಲ್ಕು ಸೊನ್ನೆ ಅಂತ ಕೇಳಿದರೆ ಕೊಡುತ್ತಾರೆ. ಉಳಿದ ಕೆಂಪು ತುಕ್ಕಿಗೆ ಒಂದು ಉಪಾಯ ಇದೆ. ಎಣ್ಣೆ ಪೂರ್ತಿ ತೆಗೆದು ನಳಿಗೆಯನ್ನು ಶುದ್ಧ ನೀರಿನಲ್ಲಿ ಕುದಿಸಿದರೆ ಕೆಂಪು ಕಪ್ಪಾಗಿ ತಿರುಗುತ್ತದೆ. ಕೆಂಪು ತುಕ್ಕು ತಿನ್ನುತ್ತಾ ಹೋಗುತ್ತದೆ, ಕಪ್ಪು ಪದರ ಹಾಗೇ ನಿಲ್ಲುತ್ತದೆ. ಮತ್ತೆ ಉಣ್ಣೆಯಿಂದ ಉಜ್ಜಿ ಮತ್ತೆ ಕುದಿಸುವುದು. ಹಳೇ ಕಾಲದವರು ನಳಿಗೆಗೆ ಬಣ್ಣ ತರಿಸುತ್ತಿದ್ದುದೂ ಬೇಕೆಂದೇ ತುಕ್ಕು ಹಿಡಿಸಿ ಹೀಗೆ ಪಳಗಿಸಿಯೇ. ಎಲ್ಲವನ್ನೂ ಡೀಲರ್ ಮಿಸ್ತ್ರಿಯ ಕೈಯಲ್ಲಿ ಮಾಡಿಸಿ. ಬಿಚ್ಚಿದ ನಳಿಗೆಯನ್ನು ನೇತುಹಾಕಿ ಬೆರಳ ಗೆಣ್ಣಿನಿಂದ ತಟ್ಟಲು ಹೇಳಿ. ನಾದ ಎಳೆದು ಕೇಳಿದರೆ ಪಟ್ಟಿ ಭದ್ರ. ಧಡ್ ಅಂತ ನಿಂತರೆ ಎಲ್ಲೋ ಬಿಟ್ಟಿದೆ, ಆಗ ಕುದಿಸುವುದೂ ಬೇಡ.

ಮರ ಅಕ್ರೋಟಿನದು ಇರಬೇಕು. ಸೀಳಿದ ಕುತ್ತಿಗೆಗೆ ಮೊಳೆ, ಸ್ಕ್ರೂ ಹೊಡೆಸಬೇಡಿ. ವರ್ಷಗಳ ಎಣ್ಣೆ ಕುಡಿದ ಮರಕ್ಕೆ ಅಂಟು ಹಿಡಿಯುವುದಿಲ್ಲ. ಮೊದಲು ಎಣ್ಣೆ ಹೀರಿಸಿ, ಆಮೇಲೆ ಎಪಾಕ್ಸಿ ಇಳಿಸಿ ಬಿಗಿಯಬೇಕು. ತಗ್ಗಾದ ಕಡೆ ಒದ್ದೆ ಬಟ್ಟೆ ಇಟ್ಟು ಇಸ್ತ್ರಿಪೆಟ್ಟಿಗೆ ತಾಗಿಸಿದರೆ ಉಬ್ಬುತ್ತದೆ. ವಾರ್ನಿಷ್ ಬೇಡ, ಅಗಸೆ ಎಣ್ಣೆ ತೆಳ್ಳಗೆ ಹಲವು ಸಲ. ಕಬ್ಬಿಣ ಸೇರುವ ಅಂಚನ್ನು ಮರಳುಕಾಗದದಿಂದ ಉಜ್ಜಿದರೆ ಮರ ತಗ್ಗಿ ಕಬ್ಬಿಣ ಎದ್ದು ನಿಲ್ಲುತ್ತದೆ, ಅದು ಮತ್ತೆ ಸರಿಹೋಗದು.

ಕೊಪ್ಪದ ಅಕ್ಕ

ನಮ್ಮಲ್ಲಿ ತೆಂಗಿನೆಣ್ಣೆ ಹಚ್ಚುತ್ತಾರೆ. ಒಳ್ಳೇದಾ?

ತುಕ್ಕು ವೈರಿ

ತಲೆಗೆ ಒಳ್ಳೇದು ಅಕ್ಕಾ. ಕೋವಿಗೆ ಹಚ್ಚಿದರೆ ಚಳಿಗೆ ಗಟ್ಟಿಯಾಗುತ್ತದೆ, ಹಳತಾದರೆ ಅಂಟಾಗಿ ದೂಳು ಹಿಡಿಯುತ್ತದೆ. ಹೊಲಿಗೆ ಮಷಿನ್ ಎಣ್ಣೆ ಸಾಕು. ಚರ್ಮದ ಚೀಲದೊಳಗೆ ಮಳೆಗಾಲ ಪೂರ್ತಿ ಇಡುವವರಿದ್ದಾರೆ, ಅದೂ ತಪ್ಪು. ಚರ್ಮ ತೇವ ಹಿಡಿದಿಡುತ್ತದೆ. ಆಯುಧಪೂಜೆಯ ವಿಭೂತಿ, ಕುಂಕುಮ ಸಂಜೆಯೇ ಒರೆಸಿಬಿಡಿ. ಎಷ್ಟೋ ಕೋವಿಯ ನಳಿಗೆಯ ಮೇಲೆ ಮೂರು ಬೆರಳ ಗುರುತಿನಲ್ಲೇ ತುಕ್ಕು ನೋಡಿದ್ದೇನೆ.

ಹಳೇ ಎಚ್‌ಸಿ

ಪೂಜೆ ಅಂದಿರಿ, ಇನ್ನೊಂದು ಹೇಳಿಬಿಡುತ್ತೇನೆ. ಕೋವಿ ವಾಪಸ್ ಬಂದ ಖುಷಿಗೆ ಮದುವೆಯಲ್ಲೋ ಜಾತ್ರೆಯಲ್ಲೋ ಗಾಳಿಗೆ ಈಡು ಹೊಡೆಯುವುದು ಬೇಡ. ಬೇರೆಯವರಿಗೆ ಅಪಾಯವಾಗುವ ಹಾಗೆ ಸಂಭ್ರಮಕ್ಕೆ ಹಾರಿಸಿದರೆ ಎರಡು ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ, ಇಲ್ಲ ಎರಡೂ. 2019ರ ತಿದ್ದುಪಡಿಯಲ್ಲೇ ಬಂದಿದ್ದು.

ಬಾಳೂರು ಕಡೆಯವ

ಇದನ್ನು ಯಾರೂ ಹಾರಿಸುವುದಿಲ್ಲ ಸಾರ್, ಅಪ್ಪನೂ ಈಗ ಒಪ್ಪಿದ್ದಾರೆ. ಮಿಸ್ತ್ರಿ ಮರದ ಕೆಲಸ ಮುಗಿಸಿದ್ದಾರೆ. ನಳಿಗೆ ಇನ್ನೂ ನಡೆಯುತ್ತಿದೆ. ಟ್ರಿಗರ್ ಹತ್ತಿರ ಉಜ್ಜಿದ ನಂಬರನ್ನು ಅವರೇ ಮತ್ತೆ ಹೊಡೆದುಕೊಡಬಹುದಾ?

ಹಾಸನ ವಕೀಲ

ಬಾಯಿಮಾತಿನ ಮೇಲೆ ಹೊಡೆಸಬೇಡಿ. ಕೋವಿಯ ಗುರುತನ್ನು ಅಳಿಸುವುದು, ಬದಲಿಸುವುದು 8ನೇ ಕಲಂನಲ್ಲಿ ಅಪರಾಧ. ಗುರುತು ಅಳಿಸಿದ ಕೋವಿ ಯಾರ ಕೈಯಲ್ಲಿ ಇರುತ್ತದೋ ಅವರೇ ಅಳಿಸಿದ್ದು ಅಂತ ಮೊದಲು ಅಂದುಕೊಳ್ಳಲೂ ಕಾನೂನಿನಲ್ಲಿ ಅವಕಾಶ ಇದೆ. ಹಾಗಾಗಿ ಎಫ್‌ಎಸ್‌ಎಲ್ ವರದಿ, ಕೋರ್ಟ್ ಆದೇಶದ ದೃಢೀಕೃತ ಪ್ರತಿ ಇಟ್ಟು ಡಿಸಿ ಕಚೇರಿಗೆ ಬರೆಯಿರಿ. ಅವರು ಲಿಖಿತ ಆದೇಶ ಕೊಟ್ಟರೆ ಡೀಲರ್ ಹೊಡೆಯಲಿ. ಅಲ್ಲಿಯವರೆಗೆ ಆ ಎರಡು ಕಾಗದ ಕೋವಿಯ ಜೊತೆಗೇ ಇರಲಿ.

ಸಕಲೇಶಪುರ 34

ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನಮ್ಮ ತಾತನ ಕೇಪಿನ ಕೋವಿ (ಬಾಯಿಯಿಂದ ಮದ್ದು ತುಂಬುವ ಹಳೇ ಕೋವಿ) ಎಲೆಕ್ಷನ್ ಟೈಮಿನಲ್ಲಿ ಸ್ಟೇಷನ್ನಿಗೆ ಕೊಟ್ಟಿದ್ದು. ತಾತ ತೀರಿಕೊಂಡರು, ಯಾರೂ ವಾಪಸ್ ತಂದಿಲ್ಲ. ಅದೂ ಹೀಗೇ ಕೋರ್ಟಿಗೆ ಹೋಗಬೇಕಾ?

ಹಳೇ ಎಚ್‌ಸಿ

ಇಲ್ಲ. ಅದು ಕೇಸಿನ ಮಾಲಲ್ಲ, ಠೇವಣಿ. ಕೊಟ್ಟಾಗ ರಸೀದಿ ಕೊಟ್ಟಿರುತ್ತಾರೆ, ತಾತನ ಲೈಸೆನ್ಸ್ ಪುಸ್ತಕದೊಳಗೇ ಮಡಚಿಟ್ಟಿರಬಹುದು, ಹುಡುಕಿ. ಮರಣ ಪ್ರಮಾಣಪತ್ರ, ವಂಶವೃಕ್ಷ ತೆಗೆಸಿ ವಾರಸುದಾರರ ಲೈಸೆನ್ಸಿಗೆ ಹಾಕಿ. ಅದು ಬಂದಮೇಲೆ ರಸೀದಿ ತೋರಿಸಿ ತೆಗೆದುಕೊಂಡು ಬನ್ನಿ. ರಸೀದಿ ಸಿಗದಿದ್ದರೆ ಯಾವ ಎಲೆಕ್ಷನ್ ಅಂತ ನೆನಪು ಮಾಡಿಕೊಂಡು ಹೋಗಿ. ಠೇವಣಿ ರಿಜಿಸ್ಟರ್ ಇರುತ್ತದೆ, ವರ್ಷ ಗೊತ್ತಿದ್ದರೆ ಹುಡುಕುವುದು ಸುಲಭ.

ಸಕಲೇಶಪುರ 34

2018ರ ವಿಧಾನಸಭೆ ಎಲೆಕ್ಷನ್. ನಾಳೆಯೇ ಹೋಗುತ್ತೇನೆ ಸಾರ್.